ರೋಮಿನ ಟ್ರಟ್ಟೋರಿಯಾ: ಹಟದ ಅಡುಗೆ

ರೋಮಿಗೆ ಪ್ರವಾಸ ಹೋದವರು ಹೋಟೆಲಿನೊಳಗೆ ಕಾಲಿಡುವ ಮೊದಲು ಮೆನು ಎಷ್ಟು ಚಿಕ್ಕದಿದೆ ಎಂದು ನೋಡಬೇಕು. ಟ್ರೆವಿ ಕಾರಂಜಿಯ ಆಸುಪಾಸಿನಲ್ಲಿ ಬಾಗಿಲಲ್ಲಿ ನಿಂತು ಕರೆಯುವ ಕಡೆ ಹಲವು ಭಾಷೆಗಳ, ಬಣ್ಣಬಣ್ಣದ ಫೋಟೋಗಳ ಉದ್ದನೆಯ ಮೆನು ಸಿಗುತ್ತದೆ. ಅದರಲ್ಲಿ ಎಲ್ಲವೂ ಇದೆ, ಯಾವುದಕ್ಕೂ ಊರಿನ ರುಚಿಯಿಲ್ಲ. ನದಿಯಾಚೆಯ ಟ್ರಸ್ಟೆವೆರೆಯ ಒಳಗಲ್ಲಿಗಳಲ್ಲೋ ದಕ್ಷಿಣದ ಟೆಸ್ಟಾಚೊದಲ್ಲೋ ಒಂದು ಕುಟುಂಬ ನಡೆಸುವ ಟ್ರಟ್ಟೋರಿಯಾ ಹುಡುಕಿದರೆ ಒಂದೇ ಹಾಳೆಯ ಮೆನು ಕೈಗೆ ಬರುತ್ತದೆ. ಪಾಸ್ತಾದಲ್ಲಿ ಮುಖ್ಯವಾದವು ನಾಲ್ಕು: ಕಾರ್ಬೊನಾರಾ, ಅಮಾತ್ರಿಚಾನಾ, ಗ್ರೀಚಾ, ಕಾಚೊ ಎ ಪೆಪೆ. ಗಿರಾಕಿ ಕೇಳಿದನೆಂದು ಕಾರ್ಬೊನಾರಾಕ್ಕೆ ಕೆನೆ ಸುರಿಯುವ ಮಾತೇ ಇಲ್ಲ. ರೋಮಿನ ಅಡುಗೆ ಇವತ್ತಿಗೂ ಉಳಿದಿರುವುದು ಈ ಹಟದಿಂದಲೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಅಡುಗೆಯವರ ಕೈ ಎಂಥದ್ದೆಂದು ತಿಳಿಯಬೇಕಾದರೆ ಕಾಚೊ ಎ ಪೆಪೆ ತರಿಸಬೇಕು. ಮೊದಲ ಮೂರರಲ್ಲಿ ಹಂದಿಯ ಕೆನ್ನೆಯ ಮಾಂಸ ರುಚಿಯ ಭಾರ ಹೊರುತ್ತದೆ; ಇದರಲ್ಲಿ ಆ ಆಸರೆಯಿಲ್ಲ. ಪಾಸ್ತಾ, ಕುರಿಹಾಲಿನ ಪೆಕೊರಿನೊ ರೊಮಾನೊ ಚೀಸ್, ಕರಿಮೆಣಸು ಇಷ್ಟೇ ಸಾಮಾನು. ಮೆಣಸನ್ನು ತರಿತರಿಯಾಗಿ ಕುಟ್ಟಿ, ಒಣ ಬಾಣಲೆಯಲ್ಲಿ ಘಮ ಏಳುವಷ್ಟು ಹುರಿದು, ಪಾಸ್ತಾ ಬೇಯಿಸಿದ ಗಂಜಿನೀರು ಹಾಕುತ್ತಾರೆ. ಮುಕ್ಕಾಲು ಬೆಂದ ಪಾಸ್ತಾ ಉಳಿದಷ್ಟನ್ನು ಅದರಲ್ಲೇ ಬೇಯುತ್ತದೆ. ಬಾಣಲೆ ಇಳಿಸಿ, ಕುದಿ ಅಡಗಿದ ಮೇಲೆ ನುಣ್ಣಗೆ ತುರಿದ ಚೀಸ್ ಹಾಕಿ ಬಿಡದೆ ಕೈಯಾಡಿಸಬೇಕು. ಬಿಸಿ ಹೆಚ್ಚಾದರೆ ಚೀಸ್ ಗಂಟುಕಟ್ಟುತ್ತದೆ, ಕಡಿಮೆಯಾದರೆ ಕರಗದೆ ತರಿ ಉಳಿಯುತ್ತದೆ. ಹದ ಸಿಕ್ಕಿದರೆ ಒಂದೊಂದು ಎಳೆಗೂ ಅದು ಹತ್ತಿಕೊಂಡು, ತಟ್ಟೆಯ ತಳದಲ್ಲಿ ನೀರು ನಿಂತಿರುವುದಿಲ್ಲ. ಮೊದಲು ಚೀಸಿನ ಉಪ್ಪು ನಾಲಗೆಗೆ ತಾಗಿ, ಅದರ ಹಿಂದೆಯೇ ಮೆಣಸಿನ ಖಾರ ಗಂಟಲಿಗಿಳಿಯುತ್ತದೆ. ತಂದಿಟ್ಟ ಕೂಡಲೇ ತಿನ್ನಬೇಕು. ಫೋಟೋ ತೆಗೆಯುತ್ತ ಕೂತರೆ ಗಟ್ಟಿಯಾಗಿಬಿಡುತ್ತದೆ.

ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ನೋಡುತ್ತ ಬೆಳೆದ ಮಲೆನಾಡಿನವರಿಗೆ ಈ ತಟ್ಟೆಯಲ್ಲಿ ಇನ್ನೊಂದು ಖುಷಿಯಿದೆ. ಮಲಬಾರಿನ ಮುಜಿರಿಸ್ ಬಂದರಿನಿಂದ ಮೆಣಸು ಕೆಂಪು ಸಮುದ್ರದ ದಾರಿಯಾಗಿ ಈ ಊರಿಗೇ ಬರುತ್ತಿತ್ತು. ಕ್ರಿ.ಶ. 1ನೇ ಶತಮಾನದ ಕೊನೆಗೆ ಡೊಮಿಷಿಯನ್ ಚಕ್ರವರ್ತಿ ಮೆಣಸು, ಮಸಾಲೆಗೆಂದು ಕಟ್ಟಿಸಿದ ಉಗ್ರಾಣದ ಅವಶೇಷ ಮ್ಯಾಕ್ಸೆಂಟಿಯಸ್ ಬೆಸಿಲಿಕಾದ ಅಡಿಯಲ್ಲಿದೆ. 408ರಲ್ಲಿ ರೋಮಿಗೆ ಮುತ್ತಿಗೆ ಹಾಕಿದ ಅಲಾರಿಕ್, ಚಿನ್ನ ಬೆಳ್ಳಿಯ ಜೊತೆಗೆ 3,000 ಪೌಂಡ್ ಮೆಣಸನ್ನೂ ಕೇಳಿ ಪಡೆದ.

ಆದರೆ ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಈ ತಟ್ಟೆ ಸಲ್ಲದು. ಪೆಕೊರಿನೊ ರೊಮಾನೊ ಮಾಡಲು ಹಾಲು ಒಡೆಸುವುದು ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ; ಆ ಹೆಸರಿಟ್ಟು ಮಾರಬೇಕಾದರೆ ಅದು ಕಡ್ಡಾಯ. ಮಾಂಸ ಇದೆಯೇ ಎಂದು ಕೇಳಿದರೆ ಬಡಿಸುವವರು ಪ್ರಾಮಾಣಿಕವಾಗಿಯೇ ಇಲ್ಲ ಎನ್ನುತ್ತಾರೆ. ಚಳಿಗಾಲದಲ್ಲಿ ಪಕ್ಕಕ್ಕೆ ಕೊಡುವ ಪುಂತರೆಲ್ಲೆ ಎಂಬ ಹಸಿ ಸೊಪ್ಪಿಗೂ ಅರೆದ ಆಂಚೊವಿ ಮೀನು ಬೆರೆತಿರುತ್ತದೆ. ಅಲರ್ಜಿ ತರುವ 14 ಬಗೆಯ ಪದಾರ್ಥಗಳ ಮಾಹಿತಿ ಕೊಡಬೇಕೆಂದು ಐರೋಪ್ಯ ಒಕ್ಕೂಟದ ನಿಯಮವಿದೆ. ಆ ಪಟ್ಟಿಯಲ್ಲಿ ಮೀನಿದೆ, ರೆನೆಟ್ ಇಲ್ಲ. ವಯಸ್ಸಾದ ತಂದೆತಾಯಿಯನ್ನು ಕರೆದುಕೊಂಡು ಹೋಗುವವರಿಗೆ ಇದನ್ನು ಮೊದಲೇ ತಿಳಿಸುವುದು ನಮ್ಮ ಪ್ಯಾಕೇಜ್ ಟೂರಿನವರ ಕರ್ತವ್ಯ. ಚೀಸ್ ಹಾಕಿದ್ದನ್ನೆಲ್ಲ ವೆಜ್ ಎಂದು ಕಣ್ಣುಮುಚ್ಚಿ ಬರೆದುಕೊಟ್ಟರೆ ಅದು ನಂಬಿಕೆದ್ರೋಹ.

ಬಿಲ್ಲಿನಲ್ಲೂ ಮುಚ್ಚುಮರೆಯಿದೆ. ಕೂತದ್ದಕ್ಕೇ ತಲೆಗಿಷ್ಟು ಎಂದು ವಸೂಲಿ ಮಾಡುವ ಕೊಪೆರ್ತೊವನ್ನು ರೋಮ್ ಸೇರಿರುವ ಲಾತ್ಸಿಯೊ ಪ್ರಾಂತ್ಯ 2006ರ ಕಾನೂನಿನಲ್ಲಿ ನಿಷೇಧಿಸಿತು. ಆಮೇಲೂ ಎಷ್ಟೋ ಕಡೆ ಅದೇ ದುಡ್ಡು ಬ್ರೆಡ್ಡಿನ ಲೆಕ್ಕದಲ್ಲಿ ಬರುತ್ತದೆ. ಬೇಡದಿದ್ದರೆ ಬುಟ್ಟಿ ಮೇಜಿಗೆ ಬಂದ ಕೂಡಲೇ ವಾಪಸ್ ಕಳಿಸಿ. ಬೀದಿಬೀದಿಯ ನಲ್ಲಿಗಳಲ್ಲಿ ಒಳ್ಳೆಯ ಕುಡಿಯುವ ನೀರು ಪುಕ್ಕಟೆ ಹರಿಯುವ ಊರಿನಲ್ಲಿ ಊಟಕ್ಕೆ ಬಾಟಲಿ ನೀರನ್ನೇ ಕೊಳ್ಳಬೇಕಾದ ಪದ್ಧತಿಯೂ ನನಗೆ ಒಪ್ಪಿಗೆಯಿಲ್ಲ.

ಇಷ್ಟಾದರೂ ಟ್ರಟ್ಟೋರಿಯಾದ ಊಟವನ್ನು ನಾನು ಎತ್ತಿಹಿಡಿಯುವುದು ಅದು ಕೊಡುವ ಪುರುಸೊತ್ತಿಗಾಗಿ. ನಾವಾಗಿ ಕೇಳುವವರೆಗೆ ಬಿಲ್ ತರುವುದಿಲ್ಲ. ನಮ್ಮವರು ಅದನ್ನು ಅಸಡ್ಡೆ ಎಂದುಕೊಂಡು ಸಿಡುಕುತ್ತಾರೆ, ಆದರೆ ಉಂಡು ಕೂತವರನ್ನು ಎಬ್ಬಿಸಬಾರದೆಂಬ ಮರ್ಯಾದೆ ಅದು. ಹೆಸರು ಮಾಡಿದ ಕೆಲವು ಕಡೆ ಈಗ ಪಾಳಿಯ ಪ್ರಕಾರ ಮೇಜು ಕೊಟ್ಟು, ಇಷ್ಟು ಹೊತ್ತಿಗೆ ಏಳಬೇಕು ಎಂದು ಮೊದಲೇ ಹೇಳಿಬಿಡುತ್ತಾರೆ. ಅಡುಗೆ ಎಷ್ಟೇ ಚೆನ್ನಾಗಿದ್ದರೂ ಅಂಥಲ್ಲಿಗೆ ಹೋಗಿ ಎಂದು ನಾನು ಹೇಳಲಾರೆ.

ಸಸ್ಯಾಹಾರಿಗಳು ಚಳಿಗಾಲದ ಕೊನೆಗೋ ವಸಂತದಲ್ಲೋ ಹೋಗುವುದಾದರೆ ಹಳೆಯ ಯಹೂದಿ ಕೇರಿಯಲ್ಲಿ ಆರ್ಟಿಚೋಕ್ ತರಿಸಬೇಕು. ಇಡೀ ಮೊಗ್ಗನ್ನು ಎಣ್ಣೆಯಲ್ಲಿ ಎರಡು ಸಲ ಕರಿಯುತ್ತಾರೆ. ಎಸಳೆಲ್ಲ ಸೇವಂತಿಗೆಯ ಹಾಗೆ ಬಿರಿದು ಗರಿಗರಿಯಾಗುತ್ತವೆ, ಒಳಗಿನ ತಿರುಳು ಮಾತ್ರ ಮೆತ್ತಗೇ ಉಳಿಯುತ್ತದೆ. ಉಪ್ಪು, ಎಣ್ಣೆ ಬಿಟ್ಟು ಬೇರೆ ಹೆಚ್ಚೇನೂ ಸೇರಿರುವುದಿಲ್ಲ. ಅದೇ ಎಣ್ಣೆಯಲ್ಲಿ ಮೀನು ಕರಿದಿದ್ದಾರೆಯೇ ಎಂಬುದನ್ನಷ್ಟು ಕೇಳಿಕೊಂಡರಾಯಿತು.