ಬುಧವಾರದ ಪಂಕ್ತಿ

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬುಧವಾರದ ಸಂಜೆಗೆ ಬೇರೆಯೇ ಮರ್ಯಾದೆ. ಟೆನೆಸ್ಸಿ, ಜಾರ್ಜಿಯಾ, ಅಲಬಾಮಾಗಳ ಎಷ್ಟೋ ಊರುಗಳಲ್ಲಿ ಆ ಸಂಜೆ ಪಂದ್ಯ, ಅಭ್ಯಾಸ ಇಟ್ಟುಕೊಳ್ಳಲು ಶಾಲೆಯವರು ಇವತ್ತಿಗೂ ಹಿಂದೆಮುಂದೆ ನೋಡುತ್ತಾರೆ. ಬ್ಯಾಪ್ಟಿಸ್ಟ್, ಮೆಥಡಿಸ್ಟ್ ಚರ್ಚುಗಳಲ್ಲಿ ಐದೂವರೆಯ ಸುಮಾರಿಗೆ ಊಟ, ಆರೂವರೆಗೆ ತರಗತಿ, ಏಳೂವರೆಗೆಲ್ಲ ಮನೆಯ ದಾರಿ. ವಾರದ ನಡುವಿನ ಪ್ರಾರ್ಥನಾ ಕೂಟಕ್ಕೆ ಊಟವೂ ಪಾಠವೂ ಸೇರಿಕೊಂಡು ಬೆಳೆದ ಪದ್ಧತಿ ಇದು. ಊಟಕ್ಕೆ ನಾನು ಧಾರಾಳವಾಗಿ ಅಂಕ ಕೊಡುತ್ತೇನೆ. ಪಾಠದ ವಿಷಯದಲ್ಲಿ ಕೈ ಸ್ವಲ್ಪ ಬಿಗಿ.

ಮಡಚಿಡುವ ಉದ್ದನೆಯ ಮೇಜುಗಳು, ಥರ್ಮಾಕೋಲ್ ತಟ್ಟೆಗಳು. ಕರಿದ ಕೋಳಿ, ಮ್ಯಾಕರೋನಿ ಚೀಸ್, ಬೀನ್ಸ್, ಬನ್ನು, ಸಕ್ಕರೆ ಸುರಿದ ಐಸ್ ಟೀ, ಕೊನೆಗೆ ಬಾಳೆಹಣ್ಣಿನ ಪುಡಿಂಗ್. ನಮ್ಮ ಕಡೆಯ ಸಸ್ಯಾಹಾರಿಗಳು ನಂಬಿ ಬಡಿಸಿಕೊಳ್ಳುವುದು ಬೀನ್ಸನ್ನು. ಎರಡು ತುತ್ತು ಹೋದಮೇಲೆ ಅದರಲ್ಲಿ ಬೇಕನ್ ಎಂಬ ಹಂದಿಮಾಂಸದ ಚೂರು ಸಿಗುತ್ತದೆ. ಅಲ್ಲಿಯ ಅಡುಗೆಯಲ್ಲಿ ಒಗ್ಗರಣೆಯ ಜಾಗದಲ್ಲಿರುವುದೇ ಅದು. ರುಚಿಯ ಮಾತು ಬಿಡಿ, ಈ ಊಟದ ಹೆಚ್ಚುಗಾರಿಕೆ ಇರುವುದು ಯಾರ ಪಕ್ಕದಲ್ಲಿ ಯಾರು ಕೂರುತ್ತಾರೆ ಎಂಬುದರಲ್ಲಿ. ಉಳಿದ ದಿನ ಟಿವಿಯ ಮುಂದೆ ಒಬ್ಬರೇ ಉಣ್ಣುವ ಮುದುಕರು, ಕೆಲಸದ ಬೂಟು ಕಳಚದೆ ಬಂದ ಪ್ಲಂಬರ್, ಬನ್ನು ಹಿಂಡಿ ನೆಲಕ್ಕೆ ಉದುರಿಸುವ ಎರಡು ವರ್ಷದ ಮಗು, ಎಲ್ಲ ಒಂದೇ ಮೇಜಿಗೆ. ಕಾರು ಸೀದಾ ಗ್ಯಾರೇಜಿಗೆ ನುಗ್ಗಿ ಬಾಗಿಲು ಬೀಳುವ ಆ ಬಡಾವಣೆಗಳಲ್ಲಿ ನೆರೆಯವರ ಮುಖ ಕಾಣುವುದೇ ಅಪರೂಪ. ಇಲ್ಲಿ ಮಾತ್ರ ಮುದುಕರ ಮೊಣಕಾಲಿನ ಆಪರೇಷನ್ನಿನಿಂದ ಹಿಡಿದು ಮಗುವಿನ ಹಲ್ಲಿನವರೆಗೆ ಎಲ್ಲ ವರ್ತಮಾನವೂ ಮೇಜು ದಾಟುತ್ತದೆ.

ಆದರೆ ಬಹಳ ಕಡೆ ಈ ಪಂಕ್ತಿಗೆ ಮೊದಲೇ ಹೆಸರು ಬರೆಸಬೇಕು, ತಟ್ಟೆಗಿಷ್ಟು ಎಂದು ದುಡ್ಡೂ ಕೊಡಬೇಕು. ಅಡುಗೆಯವರ ಕಷ್ಟ ಅರ್ಥವಾಗುತ್ತದೆ; ಎಷ್ಟು ಜನಕ್ಕೆ ಬೇಯಿಸಬೇಕೆಂದು ಅವರಿಗೂ ತಿಳಿಯಬೇಕಲ್ಲ. ಆದರೂ ಯಾರು ಎತ್ತ ಎಂದು ಕೇಳದೆ ಬಡಿಸುವ ಧರ್ಮಸ್ಥಳದ ಪಂಕ್ತಿಯಲ್ಲಿ ಉಂಡವರಿಗೆ ಇದು ಸುಲಭಕ್ಕೆ ಒಗ್ಗುವುದಿಲ್ಲ. ಈ ಚರ್ಚಿನವರದೇ ಧರ್ಮಗ್ರಂಥದಲ್ಲಿ, ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದಲ್ಲಿ, ಒಬ್ಬ ಹಸಿದಿರುವಾಗ ಇನ್ನೊಬ್ಬ ಕುಡಿದು ಅಮಲೇರಿಸಿಕೊಳ್ಳುವ ಊಟ ಅದೆಂಥ ಊಟ ಎಂದು ಪೌಲ ಗದರಿದ್ದಾನೆ. ಹೊರಗಿನವನು ಹಸಿದು ಬಂದರೆ ಏನು ಮಾಡಬೇಕೆಂಬುದಕ್ಕೆ ಉತ್ತರ ಸಿದ್ಧವಿಲ್ಲದ ಕಡೆ ಅದು ಮನೆಯವರ ಊಟವಷ್ಟೇ.

ಆರೂವರೆಗೆ ಪಂಕ್ತಿ ಚದುರುತ್ತದೆ. ಮಕ್ಕಳು ಒಂದು ಕಡೆ, ಹದಿಹರೆಯದವರು ಮಹಡಿಗೆ, ಹೊಸ ದಂಪತಿಗಳು ಇನ್ನೊಂದು ಕೋಣೆಗೆ, ವಿಚ್ಛೇದಿತರು ಮತ್ತೊಂದಕ್ಕೆ. ಒಂದು ಗಂಟೆ ಕಷ್ಟಪಟ್ಟು ಬೆರೆಸಿದ್ದನ್ನು ಹತ್ತು ನಿಮಿಷದಲ್ಲಿ ಬೇರ್ಪಡಿಸಿಬಿಡುತ್ತಾರೆ. ಮಕ್ಕಳಿಗೆ ಹಲವೆಡೆ 1950ರಲ್ಲಿ ಶಿಕಾಗೋದಲ್ಲಿ ಶುರುವಾದ ಅವಾನಾ ಕ್ರಮ: ಬೈಬಲಿನ ವಚನ ಬಾಯಿಪಾಠ ಒಪ್ಪಿಸಿದರೆ ಬ್ಯಾಡ್ಜು. ದೊಡ್ಡವರಿಗೆ ವಿಡಿಯೊ. ಸಾಲ ತೀರಿಸುವ ಬಗ್ಗೆ ಹಣಕಾಸು ಸಲಹೆಗಾರ ಡೇವ್ ರ‍್ಯಾಮ್ಸಿ ತೆರೆಯ ಮೇಲೆ ಮಾತಾಡುತ್ತಾರೆ, ಕೂತವರು ಪುಸ್ತಕದಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತಾರೆ.

ಸಾಲಕ್ಕೂ ಈ ತರಗತಿಗಳಿಗೂ ಹಳೆಯ ನಂಟಿದೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ಮೆಥಡಿಸ್ಟರ ಕಟ್ಟಡದ ಸಾಲ ತೀರಿಸಲು ಹನ್ನೆರಡು ಜನಕ್ಕೊಬ್ಬ ಮುಖಂಡನಂತೆ ಗುಂಪು ಮಾಡಿ, ತಲೆಗೆ ವಾರಕ್ಕೊಂದು ಪೆನ್ನಿ ಎತ್ತಿದರು. ವಸೂಲಿಗೆ ಮನೆಮನೆ ಹೋದ ಮುಖಂಡರಿಗೆ ಜನರ ಬದುಕು ಕಂಡಿತು: ಯಾರು ಕುಡಿಯುತ್ತಾರೆ, ಯಾರ ಮನೆಯಲ್ಲಿ ಜಗಳ. ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ ಅದನ್ನೇ ಹಿಡಿದುಕೊಂಡು, ಪರಸ್ಪರ ವಿಚಾರಿಸಿಕೊಳ್ಳುವ ವಾರದ ಕೂಟವಾಗಿ ಬೆಳೆಸಿದ. ಅಲ್ಲಿ ಪಾಠವೆಂದರೆ ಎದುರಿಗೆ ಕೂತ ಮನುಷ್ಯನೇ. ಈಗಿನ ವಿಡಿಯೊ ತರಗತಿಯಲ್ಲಿ ಪಕ್ಕದವನ ಸಾಲ ಎಷ್ಟೆಂದು ಕೇಳುವ ಧೈರ್ಯ ಯಾರಿಗೂ ಇಲ್ಲ. ಆಪ್ತರನ್ನು ಕಳೆದುಕೊಂಡವರ ಗುಂಪು ಮಾತ್ರ ಇದಕ್ಕೆ ಹೊರತು. ವಿಡಿಯೊ ಅಲ್ಲಿಯೂ ಇದೆ, ಆದರೆ ಅದು ಮುಗಿದಮೇಲೆ ಜನ ಏಳುವುದಿಲ್ಲ.

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಒಳ್ಳೆಯದು ಇಂಗ್ಲಿಷ್ ಮಾತಾಡಲು ಕಲಿಸುವ ತರಗತಿ. ಹೆಚ್-4 ವೀಸಾದಲ್ಲಿ ಗಂಡನ ಜೊತೆ ಬಂದು, ದುಡಿಯಲು ಪರವಾನಗಿ ಸಿಗದೆ ಮನೆಯಲ್ಲೇ ಕೂತ ನಮ್ಮ ಹೆಣ್ಣುಮಕ್ಕಳನ್ನೂ ಅಲ್ಲಿ ಕಾಣಬಹುದು. 2015ರಿಂದ ಕೆಲವರಿಗೆ ಆ ಪರವಾನಗಿ ಸಿಗುತ್ತಿದೆ, ಎಲ್ಲರಿಗೂ ಅಲ್ಲ. ಇವರಿಗೆ ಇಂಗ್ಲಿಷ್ ಓದಲು ಬರುತ್ತದೆ. ತೊಡಕು ದಕ್ಷಿಣದ ರಾಗ ಎಳೆಯುವ ಉಚ್ಚಾರಣೆಯದು, ಫೋನಿನಲ್ಲಿ ಡಾಕ್ಟರ ಅಪಾಯಿಂಟ್‌ಮೆಂಟ್ ಬದಲಿಸುವುದರದು. ನಿವೃತ್ತ ಮೇಷ್ಟರೊಬ್ಬರು ಕಿವಿಗೆ ಫೋನ್ ಹಿಡಿದಂತೆ ನಟಿಸಿ ಅದನ್ನೇ ಹತ್ತು ಸಲ ಹೇಳಿಸಿದರೆ ಅದು ನಿಜವಾದ ವಿದ್ಯಾದಾನ. ಓದಲು ಬೈಬಲಿನ ಕಥೆಯನ್ನೇ ಕೊಡುವ ಕಡೆಗಳೂ ಉಂಟು. ಅದನ್ನು ಮೊದಲ ದಿನವೇ ಹೇಳಿಬಿಟ್ಟರೆ ನನ್ನ ತಕರಾರಿಲ್ಲ. ನಾಲ್ಕನೆಯ ವಾರ ಮೆಲ್ಲಗೆ ಹೊರತೆಗೆಯುವುದು ಅತಿಥಿಗೆ ಮಾಡುವ ಮೋಸ.

ಈ ಕಲಿಯುವವರು ಹೆಚ್ಚಾಗಿ ಬರುವುದು ಆರೂವರೆಗೆ, ತಟ್ಟೆಗಳು ಕಸದ ಚೀಲ ಸೇರುವ ಹೊತ್ತಿಗೆ. ಐದೂವರೆಗೇ ಕರೆದು ಆ ಮುದುಕರ ಎದುರಿಗೆ ಕೂರಿಸಿದರೆ ಮೊಣಕಾಲಿನ ಕಥೆಯಲ್ಲೇ ಅರ್ಧ ಪಾಠ ಮುಗಿಯುತ್ತದೆ, ಮುದುಕರಿಗೂ ಕೇಳುವ ಹೊಸ ಕಿವಿ ಸಿಗುತ್ತದೆ. ಅದಕ್ಕೆ ಚರ್ಚಿನವರೇ ಅವರ ಹೆಸರನ್ನು ಊಟದ ಪಟ್ಟಿಗೆ ಸೇರಿಸಬೇಕು, ಅವರ ತಟ್ಟೆಯ ದುಡ್ಡನ್ನೂ ತಾವೇ ಹಾಕಬೇಕು.