ಕರಿ ಕೋಟಿನೊಳಗಿನ ಕೆಂಪು

ನಿಜಾಮರ ಸೀಮೆಯ ಹೈದರಾಬಾದ್ ಕಾಂಟಿಂಜೆಂಟ್ ಪಡೆಯ ಕಾಲಾಳುಗಳ ಪೂರ್ಣ ಪೋಷಾಕು ಕೆಂಪು ಕೋಟು. ಕಾಲರಿಗೂ ತೋಳಿನ ತುದಿಗೂ ಕಡುಹಸಿರು. ಕುದುರೆ ಸವಾರರದು ಕಡುಹಸಿರು ನಿಲುವಂಗಿ, ಕಾಲರು ಬಿಳಿ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು 1880ರ ಸುಮಾರಿನ ಆ ದಂಡಿನ ಯಾವುದಾದರೂ ಫೋಟೊ ನೋಡಿರಿ. ಕಾಲಾಳಿನ ಕೋಟು ಕರಿ, ಅದರ ಕಾಲರು ಕರಿ, ಪಕ್ಕದಲ್ಲಿ ನಿಂತ ಸವಾರನ ಮೈಯೂ ಕರಿ. ಕಂಪ್ಯೂಟರಿನಲ್ಲಿ ಬಣ್ಣ ಹಚ್ಚಲು ಕೂತ ಹೊಸಬ ಮುಗ್ಗರಿಸುವುದು ಇಲ್ಲಿಯೇ. ಇಷ್ಟು ಕಪ್ಪಗಿದ್ದದ್ದು ಕೆಂಪು ಹೇಗಾದೀತು ಎಂದುಕೊಂಡು ಕರಿನೀಲಿ ಬಳಿದುಬಿಡುತ್ತಾನೆ. ನೋಡಿದವರು ಒಪ್ಪಿಯೂ ಬಿಡುತ್ತಾರೆ, ಏಕೆಂದರೆ ಅದು ಬೂದು ಬಣ್ಣಕ್ಕೆ ಸರಿಯಾಗಿ ಕೂತಿರುತ್ತದೆ.

ದೋಷ ಫೋಟೊ ತೆಗೆದ ಗಾಜಿನ ಪ್ಲೇಟಿನದು. ಆ ಕಾಲದ ಮಾಮೂಲು ಪ್ಲೇಟಿಗೆ ನೀಲಿ, ನೇರಳೆ ಬೆಳಕು ಬಿಟ್ಟರೆ ಮಿಕ್ಕದ್ದು ಕಾಣುತ್ತಿದ್ದುದೇ ಅಪರೂಪ. ಕೆಂಪು, ಹಳದಿ, ಹಸಿರು ಅದರ ಪಾಲಿಗೆ ಕತ್ತಲೆ. ತಿಳಿನೀಲಿ ಮಾತ್ರ ಬಿಳಿಯ ಹತ್ತಿರ ಹತ್ತಿರ. ಪ್ಲೇಟಿನ ಲೇಪಕ್ಕೆ ತಕ್ಕ ಬಣ್ಣದ ದ್ರವ್ಯ ಸೇರಿಸಿದರೆ ಹಸಿರೂ ಮೂಡುತ್ತದೆ ಎಂಬುದನ್ನು ಜರ್ಮನಿಯ ಹರ್ಮನ್ ಫೋಗೆಲ್ 1873ರಲ್ಲಿ ಕಂಡುಕೊಂಡ. ಕೆಂಪನ್ನೂ ಗುರುತಿಸುವ ಪ್ಲೇಟು ಇಂಗ್ಲೆಂಡಿನ ಅಂಗಡಿಗಳಿಗೆ ಬಂದದ್ದು 1906ರಲ್ಲಿ. ಅದು ಬಂದ ಮೇಲೂ ಸ್ಟುಡಿಯೋದವರು ಕೆಂಪು ಕಾಣದ ಪ್ಲೇಟನ್ನು ಬಹುಕಾಲ ಬಿಡಲಿಲ್ಲ. ಅದನ್ನಾದರೆ ಕೆಂಪು ದೀಪ ಹಚ್ಚಿಕೊಂಡು, ಕಣ್ಣಿಂದ ನೋಡುತ್ತ ತೊಳೆಯಬಹುದಿತ್ತು. ನಿಜಾಮರ ಹಳದಿ ಬಾವುಟ ಹಳೆಯ ಫೋಟೊದಲ್ಲಿ ಮಸಿ ಅರಿವೆಯಂತೆ ತೋರಿದರೆ ಗಾಬರಿಯಾಗಬೇಕಿಲ್ಲ. ಜರಿಯ ಅಂಚೂ ಅಷ್ಟೇ: ಮಿನುಗು ಬಿದ್ದ ಕಡೆ ಬಿಳಿ, ಉಳಿದ ಕಡೆ ಕರಿ.

ಇದು ಗೊತ್ತಾದ ಮೇಲೆ ಬ್ರಶ್ ಹಿಡಿಯುವ ರೀತಿಯೇ ಬದಲಾಗುತ್ತದೆ. ಫೋಟೊಶಾಪಿರಲಿ, ಪುಕ್ಕಟೆ ಸಿಗುವ ಗಿಂಪ್, ಕ್ರಿತಾಗಳಿರಲಿ, ರೂಢಿಯ ದಾರಿ ಒಂದೇ. ಮೂಲ ಫೋಟೊ ತಳದಲ್ಲಿ. ಅದರ ಮೇಲೆ ಪಟಗಾಕ್ಕೊಂದು, ಕೋಟಿಗೊಂದು, ಬೆಲ್ಟಿಗೊಂದು ಲೇಯರ್. ಲೇಯರನ್ನು ಕಲರ್ ಮೋಡಿಗೆ ತಿರುಗಿಸಿದರೆ ಬಣ್ಣ ನಮ್ಮದು, ನೆರಳು ಬೆಳಕು ಫೋಟೊದ್ದು. ಸುಣ್ಣದ ಗೋಡೆಗೆ, ಬೂದು ಕುದುರೆಗೆ ಇಷ್ಟು ಸಾಕು. ಕೆಂಪು ಕೋಟಿಗೆ ಸಾಲದು. ನೆರಳು ಬೆಳಕಿನ ಲೆಕ್ಕವೇ ತಪ್ಪಿರುವಾಗ ಅದರ ಮೇಲೆ ಎಂಥ ಕೆಂಪು ಸುರಿದರೂ ಒಣಗಿದ ನೆತ್ತರಿನ ಕಲೆಯಾಗುತ್ತದೆ. ಕೋಟಿನಷ್ಟು ಭಾಗಕ್ಕೆ ಮಾಸ್ಕ್ ಮಾಡಿ, ಕರ್ವ್ಸ್‌ನಲ್ಲಿ ಅದರ ಬೆಳಕನ್ನು ಮೇಲೆತ್ತಿ, ನೆರಿಗೆಗಳು ಕಾಣುವಂತಾದ ಮೇಲೆ ಬಣ್ಣ. ಮುಖಕ್ಕೂ ಇದೇ ಉಪಚಾರ ಬೇಕು. ಕಂದು ಮೈಬಣ್ಣ ಆ ಪ್ಲೇಟಿನಲ್ಲಿ ಇದ್ದದ್ದಕ್ಕಿಂತ ಕಪ್ಪಾಗಿ ಬಿದ್ದಿರುತ್ತದೆ. ಬರೀ ಲೇಯರ್ ಹೊದಿಸಿ ಬಿಟ್ಟರೆ ನಮ್ಮ ಸೀಮೆಯ ಗೋದಿ ಬಣ್ಣದ ಮನುಷ್ಯನೂ ಇದ್ದಿಲಾಗುತ್ತಾನೆ. ಬಣ್ಣದ ಹೆಸರಿನಲ್ಲಿ ಅವನ ಮೇಲೆ ಇನ್ನೊಂದು ಸುಳ್ಳು ಹೊರಿಸಿದಂತೆ.

ಹಾಗಾದರೆ ಕೆಂಪು ಎಂದು ಹೇಳುವವರು ಯಾರು? ಕಾಗದ. ಪ್ರತಿ ರೆಜಿಮೆಂಟಿನ ಕೋಟಿನ ಬಣ್ಣವನ್ನೂ ಕಾಲರಿನ ಬಣ್ಣವನ್ನೂ ಬ್ರಿಟಿಷರ ಸೇನಾ ಪಟ್ಟಿಗಳು ಒಂದೊಂದು ಸಾಲಿನಲ್ಲಿ ಬರೆದಿಟ್ಟಿವೆ. 1911ರಲ್ಲಿ ಬಂದ ‘ದಿ ಆರ್ಮೀಸ್ ಆಫ್ ಇಂಡಿಯಾ’ ಪುಸ್ತಕಕ್ಕೆ ವರ್ಣಚಿತ್ರ ಬರೆದ ಲವೆಟ್ ಸ್ವತಃ ಸೈನ್ಯದ ಅಧಿಕಾರಿ. ಸಿಪಾಯಿಗಳನ್ನು ದಿನಾ ಕಂಡವನು. ಆ ಚಿತ್ರಗಳಲ್ಲಿ ಬಟ್ಟೆ ಬಟ್ಟೆಯಂತೆ ಜೋತುಬಿದ್ದಿರುತ್ತದೆ. ಇನ್ನು ಫೋಟೊ ಎಂದರೆ ಹೈದರಾಬಾದ್ ಸೀಮೆಯಲ್ಲಿ ಮೊದಲು ಬರುವ ಹೆಸರು ರಾಜಾ ದೀನ್ ದಯಾಳ್. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕ; ಸಿಕಂದರಾಬಾದಿನಲ್ಲಿ ಸ್ಟುಡಿಯೋ ಇಟ್ಟವರು. ಅರಮನೆ, ಬೇಟೆ, ಔತಣಗಳ ಜೊತೆಗೆ ದಂಡಿನ ಕವಾಯತುಗಳನ್ನೂ ತೆಗೆದರು. ಅವರ 2,857 ಗಾಜಿನ ನೆಗೆಟಿವುಗಳು ಈಗ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿವೆ. ಕೋಟಿನ ಗುಂಡಿಯ ಹೊಳಪು ಸಹ ಎದ್ದು ಕಾಣುವಷ್ಟು ಕರಾರುವಾಕ್ಕಾದ ಕೈ ಅವರದು. ಬಣ್ಣ ಹಚ್ಚುವವನಿಗೆ ಅಂಥ ಫೋಟೊ ಸಿಗುವುದು ಹಬ್ಬ.

ರಾಯಚೂರಿನವರಾದ ನಮಗೆ ಈ ಕೋಟುಗಳೊಂದಿಗೆ ಇನ್ನೊಂದು ನಂಟಿದೆ, ಅದು ಕಂದಾಯದ್ದು. ಕಾಂಟಿಂಜೆಂಟ್ ನಿಜಾಮರ ಖರ್ಚಿನಲ್ಲಿ ಬ್ರಿಟಿಷ್ ಅಧಿಕಾರಿಗಳು ನಡೆಸುತ್ತಿದ್ದ ಪಡೆ. ಅದರ ಬಾಕಿ ಏರುತ್ತ ಹೋಗಿ, 1853ರ ಒಪ್ಪಂದದಲ್ಲಿ ನಿಜಾಮರು ಬೇರಾರ, ಧಾರಾಶಿವ ಮತ್ತು ರಾಯಚೂರು ದೋಆಬನ್ನು ಕಂಪನಿಗೆ ಬಿಟ್ಟುಕೊಡಬೇಕಾಯಿತು. ದೋಆಬು ಮರಳಿ ಬಂದದ್ದು 1860ರಲ್ಲಿ. ನಡುವಿನ ಏಳು ವರ್ಷ ಕೃಷ್ಣೆ ತುಂಗಭದ್ರೆಗಳ ನಡುವಿನ ಸೀಮೆ, ಅಂದರೆ ದೇವದುರ್ಗ, ಮಾನ್ವಿ, ಯಾಪಲದಿನ್ನಿಗಳು ಇರುವ ನೆಲ, ಈ ಪಡೆಯ ಪಗಾರಕ್ಕೆ ದುಡಿಯಿತು. ಲಿಂಗಸುಗೂರಿನಲ್ಲಿ ಛಾವಣಿಯೂ ಇತ್ತು. 1858ರ ಫೆಬ್ರವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕರ ಮೇಲೆ ದಂಡು ಹೊರಟದ್ದು ಅಲ್ಲಿಂದಲೇ. ಜೋಳ ಬೆಳೆದವನ ದುಡ್ಡಿನಿಂದ ಹೊಲಿಸಿದ ಕೋಟು, ನೆರೆಯ ಸಂಸ್ಥಾನವನ್ನು ಮುಗಿಸಲು ನಡೆದು ಹೋಯಿತು. ಆದ್ದರಿಂದ ಪೋಷಾಕನ್ನು ಮೆರೆಸುವ ಚಿತ್ರಗಳ ಮೇಲೆ ನನಗೆ ಮೋಹವಿಲ್ಲ. ಇದ್ದದ್ದು ಇದ್ದ ಬಣ್ಣದಲ್ಲಿ ಕಂಡರೆ ಸಾಕು, ವೀರರಸವನ್ನು ನಾವು ಸುರಿಯುವುದು ಬೇಡ.

ಇದ್ದ ಬಣ್ಣ ಎಂದೆನಲ್ಲ, ಅದು ಎಲ್ಲರ ಮೈಮೇಲೂ ಒಂದೇ ಆಗಿರಲಿಲ್ಲ. ಕಾಂಟಿಂಜೆಂಟಿನ ಸವಾರರು ಸಿಲೇದಾರರು: ಕುದುರೆ, ಬಟ್ಟೆ, ಜೀನು ಎಲ್ಲಕ್ಕೂ ಸವಾರನೇ ಹಣ ಕಟ್ಟಬೇಕು, ತುಪಾಕಿ ಮಾತ್ರ ಸರಕಾರದ್ದು. ತನ್ನ ದುಡ್ಡಿನ ಬಟ್ಟೆಯನ್ನು ಯಾರು ಬೇಗ ಎಸೆಯುತ್ತಾರೆ? ಸಾಲಿನಲ್ಲಿ ಹೊಸ ಹಸಿರಿನ ಪಕ್ಕ ಬಿಸಿಲಿಗೆ ಬೆಳ್ಳಗಾದ ಹಸಿರು, ತೊಳೆದೂ ತೊಳೆದೂ ಹಳದಿ ತಿರುಗಿದ ಕಾಲರು. ಇಡೀ ಸಾಲಿಗೆ ಒಂದೇ ಡಬ್ಬಿಯ ಬಣ್ಣ ಹೊಯ್ದರೆ ಸಿಪಾಯಿಗಳು ಗೊಂಬೆ ಅಂಗಡಿಯಿಂದ ಎದ್ದು ಬಂದಂತಿರುತ್ತಾರೆ. ಒಳ್ಳೆಯ ಕೆಲಸಗಾರನನ್ನು ನಾನು ಗುರುತಿಸುವುದು ಎರಡನೆಯ ಸಾಲಿನ, ಮುಖ ಅರ್ಧ ಕಾಣುವ ಸವಾರನ ಅಂಗಿ ನೋಡಿ.

ಖಾಕಿಯದು ಬೇರೆಯೇ ಗೋಜಲು. ಮಾನ್ವಿ ಕಡೆಯ ಓದುಗರೊಬ್ಬರು ಮೊದಲ ಮಹಾಯುದ್ಧದ ಕಾಲದ ಫೋಟೊ ತಂದು, ‘ನಮ್ಮ ಮುತ್ಯಾನ ಕೋಟಿಗೆ ಕೆಂಪು ಹಚ್ರಿ ಸರ್, ದರ್ಬಾರದಾಗ ನಿಂತಂಗ ಕಾಣಬೇಕು’ ಎಂದರು. ಎದೆಯ ಮೇಲೆ ರಿಬ್ಬನ್ನು, ಮೊಣಕಾಲಿನವರೆಗೆ ಸುತ್ತಿದ ಪಟ್ಟಿ, ಖಾಕಿಯೇ. ‘ಖಾಕಿ ಅಂದ್ರ ಪೊಲೀಸರಂಗ ಆಗ್ತಾರಲ್ರಿ’ ಎಂದು ಮುಖ ಸಣ್ಣದು ಮಾಡಿಕೊಂಡರು. ಅವರ ಅನುಮಾನದಲ್ಲೂ ತಥ್ಯವಿದೆ. ಈಗಿನ ಪೊಲೀಸ್ ಖಾಕಿಯನ್ನೇ ಕಣ್ಣಳತೆಗಿಟ್ಟು ಹಚ್ಚಿದರೆ ಮುತ್ಯಾ ಠಾಣೆಯ ಹವಾಲ್ದಾರನೇ ಆಗುತ್ತಾನೆ.

ಖಾಕಿ ಎಂಬುದು ಒಂದು ಬಣ್ಣವಲ್ಲ, ಒಂದು ಕುಟುಂಬ. 1857ರ ಗದ್ದಲದಲ್ಲಿ ಬ್ರಿಟಿಷ್ ಪಡೆಗಳು ಬಿಳಿ ಬಟ್ಟೆಯನ್ನು ಚಹಾ, ಮಸಿ, ಮಣ್ಣು ಎಂದು ಕೈಗೆ ಸಿಕ್ಕಿದ್ದರಲ್ಲಿ ಅದ್ದಿ ತೆಗೆದವು. ಖಾಕಿಯ ಪಕ್ಕಾ ಬಣ್ಣ ಹುಟ್ಟಿದ್ದು ಬಲ್ಮಠದ ಬಾಸೆಲ್ ಮಿಶನ್ ನೇಯ್ಗೆ ಕಾರ್ಖಾನೆಯಲ್ಲಿ, ಹಾಲ್ಲರ್ ಎಂಬ ಮಿಶನರಿಯ ಕೈಯಲ್ಲಿ ಎಂದು ಮಂಗಳೂರಿನವರು ಹೆಮ್ಮೆಯಿಂದ ಹೇಳುತ್ತಾರೆ. ತೊಳೆದರೂ ಮಾಸದ ಖನಿಜ ಖಾಕಿಗೆ ಇಂಗ್ಲೆಂಡಿನ ಗ್ಯಾಟಿ ಎಂಬಾತ 1884ರಲ್ಲಿ ಪೇಟೆಂಟ್ ಪಡೆದ. ಅದಕ್ಕಿಂತ ಹಳೆಯ ಫೋಟೊ ಆದರೆ ಒಬ್ಬನ ಖಾಕಿ ಇನ್ನೊಬ್ಬನಿಗೆ ಹೊಂದಬಾರದು, ಹೊಂದಿದರೇ ತಪ್ಪು. ಮಹಾಯುದ್ಧಕ್ಕೆ ಬಂದರೆ ದೇಶ ನೋಡಬೇಕು. ಕಾಂಟಿಂಜೆಂಟ್ 1903ರಲ್ಲಿ ಭಾರತೀಯ ಸೇನೆಯಲ್ಲಿ ಕರಗಿದಾಗ ಅದರ ಒಂದು ಕುದುರೆಪಡೆ 20ನೇ ಡೆಕ್ಕನ್ ಹಾರ್ಸ್ ಆಯಿತು. 1916ರ ಜುಲೈ 14ರಂದು ಫ್ರಾನ್ಸಿನ ಹೈ ವುಡ್ ಬಳಿ ಅದು ಈಟಿ ಹಿಡಿದು ನುಗ್ಗಿತು; ಅಂದಿನ ಫೋಟೊ ಲಂಡನ್ನಿನ ಯುದ್ಧ ಸಂಗ್ರಹಾಲಯದಲ್ಲಿದೆ. ಫ್ರಾನ್ಸಿನ ಚಳಿಗೆ ತೊಟ್ಟದ್ದು ಉಣ್ಣೆಯ ಖಾಕಿ, ಹಸಿರು ಬೆರೆತ ಕಂದು. ಪ್ಯಾಲೆಸ್ಟೈನಿನ ಬಿಸಿಲಿಗೆ ಹತ್ತಿಯ ಖಾಕಿ, ಮರಳಿಗೆ ಹತ್ತಿರ. ಆಸ್ಟ್ರೇಲಿಯದ ಫ್ರಾಂಕ್ ಹರ್ಲಿ ಪ್ಯಾಲೆಸ್ಟೈನಿನಲ್ಲಿ ಬಣ್ಣದ ಪ್ಲೇಟುಗಳಲ್ಲೇ ಸವಾರರನ್ನು ಸೆರೆಹಿಡಿದಿದ್ದಾನೆ. ಅಲ್ಲಿಯ ಧೂಳು, ಬಟ್ಟೆ, ಕುದುರೆಯ ಬೆನ್ನು ಹೇಗೆ ಒಂದರೊಳಗೊಂದು ಸೇರಿಹೋಗುತ್ತಿದ್ದವು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಮೈಸೂರು ಲ್ಯಾನ್ಸರ್ಸ್ ಹೋರಾಡಿದ್ದು ಇದೇ ಬಿಸಿಲಿನಲ್ಲಿ. ಜೋಧಪುರದವರ ಜೊತೆ ಸೇರಿ ಅವರು ಹೈಫಾ ಹಿಡಿದದ್ದು 1918ರ ಸೆಪ್ಟೆಂಬರ್ 23ರಂದು. ಅದೇ ಬ್ರಿಗೇಡಿನಲ್ಲಿ ಹೈದರಾಬಾದಿನ ಲ್ಯಾನ್ಸರುಗಳೂ ಇದ್ದರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಈ ಮೂರು ಸಂಸ್ಥಾನಗಳ ಸವಾರರವು. ಆದರೂ ಹೈಫಾದ ಬಣ್ಣದ ಚಿತ್ರಗಳೆಂದು ಓಡಾಡುವ ಎಷ್ಟೋ ಚಿತ್ರಗಳಲ್ಲಿ ನಮ್ಮ ಸವಾರರು ದಸರಾ ಜಂಬೂಸವಾರಿಗೆ ಹೊರಟವರಂತೆ ಜರಿ ಪೇಟ ಸುತ್ತಿಕೊಂಡಿರುತ್ತಾರೆ. ಕಾರ್ಮೆಲ್ ಬೆಟ್ಟದ ಮಶೀನ್‌ಗನ್ನುಗಳ ಎದುರು ಜರಿ ತೊಟ್ಟು ಹೋಗುವಷ್ಟು ಹುಚ್ಚು ಅವರಿಗಿರಲಿಲ್ಲ.

ರಿಬ್ಬನ್ನಿನ ಮಾತಿಗೆ ಬರುತ್ತೇನೆ. ಎದೆಯ ಮೇಲಿನ ಆ ಅಂಗುಲದ ಬಟ್ಟೆ ಕೆಲಸದವನ ಪಾಲಿನ ಬಂಗಾರ, ಏಕೆಂದರೆ ಇಡೀ ಫೋಟೊದಲ್ಲಿ ಬಣ್ಣ ಖಚಿತವಾಗಿ ಗೊತ್ತಿರುವುದು ಅದೊಂದರದೇ. ಬ್ರಿಟಿಷ್ ವಾರ್ ಮೆಡಲಿನ ರಿಬ್ಬನ್ ಹಿಡಿಯಿರಿ: ನಡುವೆ ಅಗಲವಾದ ಕಿತ್ತಳೆ, ಅದರ ಎರಡೂ ಕಡೆ ಬಿಳಿ, ಆಮೇಲೆ ಕಪ್ಪು, ಕೊನೆಗೆ ನೀಲಿ. ನಡುವಿನ ಕಿತ್ತಳೆ ಕಪ್ಪಾಗಿಯೂ ಅಂಚಿನ ನೀಲಿ ಬೆಳ್ಳಗೂ ಬಿದ್ದಿದ್ದರೆ ಅದು ಕೆಂಪು ಕಾಣದ ಪ್ಲೇಟು. ಹಾಗಾದರೆ ಅದೇ ಫೋಟೊದ ಖಾಕಿಯೂ ಇದ್ದದ್ದಕ್ಕಿಂತ ಕಡುವಾಗಿ ಬಿದ್ದಿದೆ, ಬೆಲ್ಟಿನ ಕಂದು ಚರ್ಮವೂ ಹಾಗೆಯೇ. ಎಷ್ಟು ಎತ್ತಬೇಕು ಎಂಬ ಅಂದಾಜು ಅಲ್ಲಿಯೇ ಸಿಗುತ್ತದೆ. ರಿಬ್ಬನ್ನನ್ನು ಮೊದಲು ಸರಿಮಾಡಿ, ಅದು ಕಣ್ಣಿಗೆ ಒಪ್ಪಿದ ಮೇಲೆ ಉಳಿದ ಬಟ್ಟೆಗೆ ಕೈ ಹಾಕುವುದು ನನ್ನ ಪದ್ಧತಿ.

ಈಗ ಗುಂಡಿ ಒತ್ತಿದರೆ ಯಂತ್ರವೇ ಬಣ್ಣ ತುಂಬಿ ಕೊಡುತ್ತದೆ. ಹುಲ್ಲು, ಆಕಾಶ, ಮುಖ ಚೆನ್ನಾಗಿಯೇ ಬರುತ್ತವೆ. ಆದರೆ ಕರಿ ಕೋಟು ಕೆಂಪಾಗಿತ್ತು ಎಂದು ಅದಕ್ಕೆ ಹೇಳುವವರಿಲ್ಲ. ನೀಲಿಯನ್ನೋ ಕಂದನ್ನೋ ಊಹಿಸಿ ಮುಗಿಸುತ್ತದೆ. ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ, ಅದನ್ನು ಇತಿಹಾಸ ಎಂದು ಹಂಚುವವರ ಮೇಲೆ ಇದೆ. ಮನುಷ್ಯರೇನೂ ಕಡಿಮೆ ಮಾಡಿಲ್ಲ. 2021ರಲ್ಲಿ ಕಾಂಬೋಡಿಯದ ತೂಲ್ ಸ್ಲೆಂಗ್ ಸೆರೆಮನೆಯ ಕೈದಿಗಳ ಫೋಟೊಗಳಿಗೆ ಬಣ್ಣ ಹಚ್ಚಿದವನೊಬ್ಬ ಅವರ ಮುಖಗಳಲ್ಲಿ ನಗೆಯನ್ನೂ ಮೂಡಿಸಿದ್ದ. ಪ್ರಕಟಿಸಿದವರು ಆ ಚಿತ್ರಗಳನ್ನು ತೆಗೆಯಬೇಕಾಯಿತು. ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಪೀಟರ್ ಜಾಕ್ಸನ್ ಇದ್ದಾನೆ. 2018ರ ತನ್ನ ಮಹಾಯುದ್ಧದ ಚಿತ್ರಕ್ಕೆ ಬಣ್ಣ ಕೊಡಿಸುವಾಗ ತಾನೇ ಕೂಡಿಹಾಕಿದ್ದ ಅಸಲಿ ಸಮವಸ್ತ್ರಗಳನ್ನು ಮುಂದಿಟ್ಟುಕೊಂಡ. ಅಷ್ಟು ಸಂಪತ್ತು ನಮಗೆಲ್ಲಿ ಬಂತು! ನಾವು ಮಾಡಬಹುದಾದದ್ದು, ಸಾಕ್ಷಿ ಸಿಗದ ಬಟ್ಟೆಯನ್ನು ಬೂದಾಗಿಯೇ ಬಿಡುವುದು. ಮುಖ, ಕೋಟು, ರಿಬ್ಬನ್ ಬಣ್ಣದಲ್ಲಿದ್ದು ಸೊಂಟದ ಪಟ್ಟಿ ಮಾತ್ರ ಬೂದಾಗಿದ್ದರೆ ಮನೆಯವರು ‘ಕೆಲಸ ಅರ್ಧಕ್ಕ ಬಿಟ್ರಿ’ ಎನ್ನುತ್ತಾರೆ. ಅನ್ನಲಿ.

ನಿಮ್ಮ ಮನೆಯ ಗೋಡೆಯ ಮೇಲೆ ಇಂಥ ಮುತ್ಯಾ ಇದ್ದರೆ ಚೌಕಟ್ಟಿನಿಂದ ಬಿಡಿಸುವಾಗ ಹಿಂದಿನ ರಟ್ಟನ್ನು ಹರಿಯಬೇಡಿ. ಸ್ಟುಡಿಯೋದ ಮೊಹರು, ಊರು, ಕೆಲವೊಮ್ಮೆ ಉರ್ದುವಿನಲ್ಲಿ ಬರೆದ ಪಲ್ಟಣದ ಹೆಸರು ಇರುವುದು ಅಲ್ಲೇ. ಮುಂಭಾಗದಂತೆ ಹಿಂಭಾಗವನ್ನೂ ಸ್ಕ್ಯಾನ್ ಮಾಡಿಸಿ, 600 ಡಿಪಿಐಗೆ ಕಡಿಮೆ ಬೇಡ. ಮೊಬೈಲಿನಲ್ಲಿ ತೆಗೆದು ವಾಟ್ಸಾಪಿನಲ್ಲಿ ಕಳಿಸಿದರೆ ರಿಬ್ಬನ್ನಿನ ಪಟ್ಟೆಗಳು ಅಳಿಸಿಹೋಗಿರುತ್ತವೆ.