ಮಿಶ್ನಾದ ಮನೆ, ಬಾಬತಾಳ ಚೀಲ

ಕೊಂಕಣದ ಕರಾವಳಿಯ ಹಳ್ಳಿಗಳಲ್ಲಿ ಎಣ್ಣೆಗಾಣ ನಡೆಸುತ್ತಿದ್ದ ಬೆನೆ ಇಸ್ರೇಲ್ ಯೆಹೂದಿಗಳಿಗೆ ನೆರೆಹೊರೆಯವರು ಇಟ್ಟ ಹೆಸರು ‘ಶನಿವಾರ ತೇಲಿ’. ಶನಿವಾರ ಅವರ ಗಾಣ ತಿರುಗುತ್ತಿರಲಿಲ್ಲ. ಮುಂದೆ ಅವರಲ್ಲಿ ಅನೇಕರು ಮುಂಬಯಿಗೆ ಬಂದರು, ನಮ್ಮ ಹಾಗೆಯೇ. ಆ ದಿನ ಏನೇನು ಮಾಡಬಾರದೆಂದು ವಿವರಿಸುವ ರಬ್ಬಿಗಳ ಗ್ರಂಥಗಳು ಶತಮಾನಗಳ ಕಾಲ ಅವರ ಕೈಯಲ್ಲಿರಲಿಲ್ಲ. ಆದರೂ ಶನಿವಾರದ ಬಿಡುವು ಉಳಿದಿತ್ತು. ಆ ಗ್ರಂಥಗಳಲ್ಲಿ ಮೊದಲನೆಯದಾದ ಮಿಶ್ನಾವನ್ನು ಇಂಗ್ಲಿಷ್ ಅನುವಾದದಲ್ಲಿ ಓದುವಾಗ ಈ ಸಂಗತಿ ನನ್ನನ್ನು ಕಾಡುತ್ತಲೇ ಇತ್ತು. ಒಂದು ಧರ್ಮದಲ್ಲಿ ಗ್ರಂಥದ ಪಾಲೆಷ್ಟು, ಮನೆಯ ಪಾಲೆಷ್ಟು?

ಕ್ರಿ.ಶ. 70ರಲ್ಲಿ ರೋಮನ್ ಸೈನ್ಯ ಜೆರುಸಲೇಮಿನ ದೇವಾಲಯವನ್ನು ಸುಟ್ಟಿತು. ಅಲ್ಲಿಯವರೆಗೆ ಬಲಿ, ಪುರೋಹಿತರ ಸೇವೆ, ಯಾತ್ರೆಯ ಹಬ್ಬಗಳು ಎಲ್ಲಕ್ಕೂ ಅದೇ ಕೇಂದ್ರ. ಅದಾಗಿ ಸುಮಾರು 130 ವರ್ಷಗಳ ಮೇಲೆ, ಗಲಿಲಾಯದಲ್ಲಿ ಯೆಹೂದಾ ಹನಾಸಿ ಎಂಬ ರಬ್ಬಿ ಬಾಯಿಂದ ಬಾಯಿಗೆ ಬಂದ ಬೋಧನೆಗಳನ್ನು ಒಟ್ಟುಗೂಡಿಸಿದರು. ಅದೇ ಮಿಶ್ನಾ. ಬೇಸಾಯ, ಹಬ್ಬ, ದಾಂಪತ್ಯ, ವ್ಯಾಜ್ಯ, ಬಲಿ, ಮಡಿ ಎಂದು 6 ಭಾಗಗಳು. ಒಳಗೆ 63 ಪ್ರಕರಣಗಳು.

ಇಷ್ಟು ದೊಡ್ಡದನ್ನು ಕಳೆದುಕೊಂಡವರ ಕೃತಿ ಅಳುವಿನಿಂದ ಆರಂಭವಾಗಬಹುದೆಂದು ನಾನು ಅಂದುಕೊಂಡಿದ್ದೆ. ಅದು ಆರಂಭವಾಗುವುದು ಸಂಜೆಯ ಶೆಮಾ ಪಠಣವನ್ನು ಯಾವಾಗಿನಿಂದ ಹೇಳಬಹುದು ಎಂಬ ಚರ್ಚೆಯಿಂದ. ಪುರೋಹಿತರು ತಮಗೆ ಮೀಸಲಾದ ಪಾಲನ್ನು ಉಣ್ಣಲು ಒಳಹೋಗುವ ಹೊತ್ತೇ ಅದಕ್ಕೆ ಗುರುತು. ಬಲಿಪೀಠ ಹೋಗಿ ಮೂರು ನಾಲ್ಕು ತಲೆಮಾರಾಗಿದೆ. ಹೊತ್ತು ಅಳೆಯುವುದು ಮಾತ್ರ ಇನ್ನೂ ಪುರೋಹಿತರ ಊಟದಿಂದಲೇ. ಅದರ ಬೆನ್ನಿಗೇ ಒಂದು ಪುಟ್ಟ ಪ್ರಸಂಗ ಬರುತ್ತದೆ: ಔತಣ ಮುಗಿಸಿ ತಡರಾತ್ರಿ ಬಂದ ಗಮಲಿಯೇಲರ ಮಕ್ಕಳು ಇನ್ನೂ ಶೆಮಾ ಹೇಳಿಲ್ಲವೆಂದು ಅಪ್ಪನಿಗೆ ಒಪ್ಪಿಸುತ್ತಾರೆ. ಬೆಳಗಾಗದಿದ್ದರೆ ಹೇಳಲೇಬೇಕು ಎಂದು ಅಪ್ಪ ತಿಳಿಸುತ್ತಾರೆ. ದೇವಾಲಯದ ಗಾಂಭೀರ್ಯ ಮನೆಯ ಹೊಸ್ತಿಲಿಗೆ ಇಳಿದ ಬಗೆ ಇದು. ಮಿಶ್ನಾ ತನ್ನ ದುಃಖವನ್ನು ಹೇಳಿಕೊಳ್ಳದೆ, ನಾಳೆಯ ಕೆಲಸ ಏನೆಂದು ಕೇಳುತ್ತದೆ.

ಸಬ್ಬತ್ ದಿನ ನಿಷಿದ್ಧವಾದ 39 ಕೆಲಸಗಳ ಪಟ್ಟಿಯನ್ನೇ ನೋಡಿ. ಬಿತ್ತುವುದು, ಉಳುವುದರಿಂದ ಹಿಡಿದು ನಾದಿ ರೊಟ್ಟಿ ಸುಡುವವರೆಗೆ. ಉಣ್ಣೆ ಕತ್ತರಿಸುವುದರಿಂದ ನೇಯ್ದು ಹೊಲಿಯುವವರೆಗೆ. ಜಿಂಕೆ ಬೇಟೆಯಿಂದ ಚರ್ಮ ಹದಮಾಡಿ ಎರಡಕ್ಷರ ಬರೆಯುವವರೆಗೆ. ಮಾಡಬಾರದ್ದನ್ನು ಹೇಳುತ್ತಲೇ ಈ ಪಟ್ಟಿ ಒಂದು ಹಳ್ಳಿಯ ಉಳಿದ ಆರು ದಿನಗಳ ದುಡಿಮೆಯನ್ನು ಕಣ್ಣೆದುರು ತರುತ್ತದೆ. ಹಿಲ್ಲೇಲ್ ಮತ್ತು ಶಮ್ಮಾಯ್ ಪಂಥಗಳ ಜಗಳಗಳೂ ಇಲ್ಲಿವೆ. ಸೋತ ಅಭಿಪ್ರಾಯವನ್ನು ಅಳಿಸದೆ, ಮುಂದೆ ಯಾವುದಾದರೂ ನ್ಯಾಯಸಭೆಗೆ ಬೇಕಾದೀತೆಂದು ಕಾದಿಡುವ ಈ ಗುಣ ನನಗೆ ಬಹಳ ಹಿಡಿಸಿತು.

ತಕರಾರು ಇರುವುದು ಬೇರೆ ಕಡೆ. ಹೆಂಡತಿ ಗಂಡನಿಗಾಗಿ ಮಾಡಬೇಕಾದ ಕೆಲಸಗಳನ್ನು ಮಿಶ್ನಾ ಎಣಿಸುತ್ತದೆ: ಬೀಸುವುದು, ರೊಟ್ಟಿ ಸುಡುವುದು, ಒಗೆಯುವುದು, ಅಡುಗೆ, ಮಗುವಿಗೆ ಹಾಲೂಡುವುದು, ಹಾಸಿಗೆ ಹಾಸುವುದು, ಉಣ್ಣೆ ನೂಲುವುದು. ಬರುವಾಗ ದಾಸಿಯರನ್ನು ಕರೆತಂದಷ್ಟೂ ಈ ಪಟ್ಟಿ ಕಿರಿದಾಗುತ್ತದೆ. ನಿಯಮ ಅವಳ ಬಗ್ಗೆ. ವಾದ ಮಾಡುವವರು ಗಂಡಸರು. ಹಾಗಾಗಿ ಮಿಶ್ನಾವನ್ನು ಆ ಕಾಲದ ಬದುಕಿನ ಛಾಯಾಚಿತ್ರವೆಂದು ಓದುವುದು ತಪ್ಪಾಗುತ್ತದೆ. ಅದು ಮನೆ ಹೇಗಿರಬೇಕೆಂದು ರಬ್ಬಿಗಳು ಬರೆದ ನಕ್ಷೆ.

ಮನೆಯೊಳಗಿದ್ದವರ ಮಾತು ಬೇಕಾದರೆ ಒಂದು ಗುಹೆಗೆ ಹೋಗಬೇಕು. 1961ರಲ್ಲಿ ಯಿಗಾಯೆಲ್ ಯಾದಿನ್ ಅವರ ತಂಡಕ್ಕೆ ಮೃತ ಸಮುದ್ರದ ಬಳಿಯ ನಹಲ್ ಹೆವರ್ ಕಣಿವೆಯಲ್ಲಿ ಬಾಬತಾ ಎಂಬ ಯೆಹೂದಿ ಹೆಂಗಸಿನ ಕಾಗದಪತ್ರಗಳ ಚೀಲ ಸಿಕ್ಕಿತು. ಕ್ರಿ.ಶ. 94ರಿಂದ 132ರವರೆಗಿನ 35 ಪತ್ರಗಳು. ಗ್ರೀಕ್, ನಬಾತಿ, ಅರಮಾಯಿಕ್ ಭಾಷೆಗಳಲ್ಲಿ. ಖರ್ಜೂರದ ತೋಟಗಳ ಒಡತಿ, ಎರಡು ಸಲ ವಿಧವೆ. ಮದುವೆಯ ಪತ್ರ ಯೆಹೂದಿ ರೂಢಿಯಂತೆ ಅರಮಾಯಿಕ್‌ನಲ್ಲಿದೆ. ಆದರೆ ತಂದೆಯಿಲ್ಲದ ಮಗನ ಪೋಷಣೆಗೆ ಕೊಡುವ ಹಣ ಸಾಲದೆಂದು ಅವಳು ದೂರು ಒಯ್ದದ್ದು ರೋಮನ್ ರಾಜ್ಯಪಾಲನ ಬಳಿಗೆ. ಮಗನ ಪಾಲಕರಿಬ್ಬರಲ್ಲಿ ಒಬ್ಬ ಯೆಹೂದಿ, ಒಬ್ಬ ನಬಾತಿ. ಅವಳಿಗೆ ಬರೆಯಲು ಬಾರದು. ಅವಳ ಪರವಾಗಿ ಬೇರೆಯವರು ಸಹಿ ಹಾಕಿದ್ದಾರೆ. ಮಿಶ್ನಾದಲ್ಲಿ ಪ್ರಶ್ನೆ ಕೇಳದ ಹೆಂಗಸು ಇಲ್ಲಿ ಪಟ್ಟು ಹಿಡಿದು ಕೇಳುತ್ತಾಳೆ.

132ರಲ್ಲಿ ಬಾರ್ ಕೋಖ್ಬಾನ ದಂಗೆ ಎದ್ದಿತು. ಗುಹೆಯಲ್ಲಿ ಅವಿತಿಟ್ಟ ಆ ಪತ್ರಗಳನ್ನು ಹಿಂತೆಗೆದುಕೊಳ್ಳಲು ಯಾರೂ ಬರಲಿಲ್ಲ. ಅದೇ ಗುಹೆಯಲ್ಲಿ ಬಾರ್ ಕೋಖ್ಬಾನ ಪತ್ರಗಳೂ ದೊರೆತವು. ಅವುಗಳಲ್ಲೊಂದು ಯುದ್ಧದ ನಡುವೆಯೂ ಪರ್ಣಶಾಲೆಗಳ ಹಬ್ಬಕ್ಕೆ ತಾಳೆಗರಿ, ಮಾದಲ ಹಣ್ಣುಗಳನ್ನು ತರಿಸುವ ಬಗ್ಗೆ ಇದೆ. ದೇವಾಲಯವೂ ಇಲ್ಲ, ಮಿಶ್ನಾವೂ ಇನ್ನೂ ಆಗಿರಲಿಲ್ಲ, ಹಬ್ಬ ನಡೆದಿತ್ತು.

ಹೀಗೆಂದ ಮಾತ್ರಕ್ಕೆ ಮಿಶ್ನಾ ಸಣ್ಣದಾಗುವುದಿಲ್ಲ. ಹೊತ್ತೊಯ್ಯಬಹುದಾದ ಮನೆಯೊಂದನ್ನು ಅದು ಮಾತಿನಲ್ಲಿ ಕಟ್ಟಿಕೊಟ್ಟಿತು. ಬಾಬತಾಳಂಥವರು ನಡೆಸಿಕೊಂಡು ಬಂದ ಬದುಕು ಕೆಳಗಿದ್ದುದರಿಂದಲೇ ಆ ಮನೆ ನಿಂತಿತು ಎಂಬುದು ನನ್ನ ಓದು. ಊರು ಬಿಟ್ಟ ನಾವು ನಮ್ಮ ಪರಂಪರೆಯ ಬಗ್ಗೆ ಬರೆಯುವಾಗ ಹಬ್ಬ ಹೇಗಿರಬೇಕು, ಭಾಷೆ ಹೇಗಿರಬೇಕು ಎಂದು ನಕ್ಷೆ ಹಾಕುವುದೇ ಹೆಚ್ಚು. ಅಮ್ಮನ ಟ್ರಂಕಿನ ತಳದಲ್ಲಿರುವ ಪಹಣಿ, ರೇಷನ್ ಕಾರ್ಡು, ಹೆಬ್ಬೆಟ್ಟು ಒತ್ತಿದ ಸಾಲದ ಚೀಟಿಗಳನ್ನು ಯಾರೂ ಓದಿದಂತಿಲ್ಲ. ಮಿಶ್ನಾ ಓದಿ ಮುಗಿಸಿದ ಮೇಲೆ ನಾನು ಮೊದಲು ಮಾಡಬೇಕೆಂದುಕೊಂಡ ಕೆಲಸ ಅದು.